ಸಮುದ್ರಜೀವಿಯ ಪರವಾಗಿ ಬಾಯಿ ಬಿಡಲು ಲಿಖಿತ ಆದೇಶ ಕೋರಿ

ಇಂದ:
ಕೋದಂಡರಾಮಪ್ಪ,
ಪ್ರಯೋಗಾಲಯ ಸಹಾಯಕ (ಗುತ್ತಿಗೆ),
ಸುಗಟೂರು, ಕೋಲಾರ ತಾಲ್ಲೂಕು.

ಗೆ:
ಶ್ರೀ ಉಮೇಶ್ ಅವರು,
ವ್ಯವಸ್ಥಾಪಕರು, ಕಡಲ ಕಿಣ್ವ ವಿಭಾಗ,
ವೇಮಗಲ್ ಕೈಗಾರಿಕಾ ಪ್ರದೇಶ.
(ಹತ್ತಿರದ ಸಮುದ್ರ: ಇಲ್ಲ.)

ವಿಷಯ: ಬರುವ ಬುಧವಾರ ಅತಿಥಿಗಳ ಮುಂದೆ ಮಾಸ್ಕ್ ತೆಗೆದು ಮಾತನಾಡುವಂತೆ ತಾವು ಬಾಯಲ್ಲಿ ಹೇಳಿದ್ದನ್ನು ಕಾಗದದಲ್ಲಿ ಕೊಡುವ ಬಗ್ಗೆ; ಹಾಗೂ ಕುಮಾರಿ ಶ್ವೇತ ಅವರಿಗೆ ಕೊಟ್ಟಿರುವ ನೋಟಿಸನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ:
1. ಪ್ರಯೋಗಾಲಯದಲ್ಲಿ ಎಲ್ಲರೂ ಮಾಸ್ಕ್ ಧರಿಸತಕ್ಕದ್ದು, ಅನಗತ್ಯ ಮಾತು ಆಡತಕ್ಕದ್ದಲ್ಲ ಎಂಬ ತಮ್ಮ ಸುತ್ತೋಲೆ.
2. ಸಮುದ್ರಜೀವಿಯ ಶಕ್ತಿ ಕುಂದಿಸಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ಶ್ವೇತ ಅವರನ್ನು ಕೇಳಿರುವ ನೋಟಿಸು.
3. ನಿನ್ನೆ ತಮ್ಮ ಕೊಠಡಿಯಲ್ಲಿ ಬಾಗಿಲು ಹಾಕಿಸಿ ತಾವು ಹೇಳಿದ ಮಾತು. (ಕಡತದಲ್ಲಿ ಇಲ್ಲ.)

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು, ಅಂದರೆ ಸದರಿ ಕೋದಂಡರಾಮಪ್ಪನು, ವಿನಯಪೂರ್ವಕವಾಗಿಯೂ ಮಾಸ್ಕ್‌ಪೂರ್ವಕವಾಗಿಯೂ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ವಿಭಾಗದ ಕೆಲಸವೇನೆಂದು ತಮಗೆ ಗೊತ್ತಿದೆ ಎಂದೇ ಭಾವಿಸಲಾಗಿದೆ. ಆದರೂ ಕಡತಕ್ಕಾಗಿ: ಕಡಲ ಪಾಚಿಯ ಮೇಲೆ ಬದುಕುವ ಒಂದು ಬ್ಯಾಕ್ಟೀರಿಯಾವನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಕೂರಿಸಿ ಇಲ್ಲಿಗೆ ಕರೆತರಲಾಯಿತು. ಅದು ಗಂಜಿಯನ್ನು ತುಂಡರಿಸಿ ಸಕ್ಕರೆ ಮಾಡುವ ಕಿಣ್ವವನ್ನು ಬಿಡುತ್ತದೆ, ಬಟ್ಟೆ ಕಾರ್ಖಾನೆಯವರು ನೂಲಿನ ಗಂಜಿ ತೆಗೆಯಲು ಅದನ್ನು ಕೊಳ್ಳುತ್ತಾರೆ ಎಂಬುದು ತಮ್ಮ ತೀರ್ಮಾನ. ಬ್ಯಾಕ್ಟೀರಿಯಾದ ಅಭಿಪ್ರಾಯವನ್ನು ಆಗ ಯಾರೂ ಕೇಳಲಿಲ್ಲ.

2. ಕೇಳುವ ವಿಧಾನ ಇಲ್ಲದಿಲ್ಲ. ಗಂಜಿ ಬೆರೆಸಿದ ಜೆಲ್ಲಿಯನ್ನು ತಟ್ಟೆಗೆ ಹುಯ್ದು, ಅದರ ಮೇಲೆ ಬ್ಯಾಕ್ಟೀರಿಯಾದ ಹನಿ ಇಟ್ಟು, ರಾತ್ರಿ ಬೆಚ್ಚಗಿಟ್ಟು, ಬೆಳಿಗ್ಗೆ ಅಯೋಡಿನ್ ಸುರಿಯುವುದು. ಗಂಜಿ ಉಳಿದ ಕಡೆ ಕಪ್ಪು ನೀಲಿ. ಕಿಣ್ವ ಗಂಜಿಯನ್ನು ಮುಗಿಸಿದ ಕಡೆ ಬಣ್ಣವಿಲ್ಲದ ಬಯಲು. ಬಯಲು ಕಂಡರೆ ವಿಭಾಗಕ್ಕೆ ಮೈಸೂರ್ ಪಾಕ್, ಕಾಣದಿದ್ದರೆ ಮೀಟಿಂಗು.

3. ಹನಿ ಇಡುವುದು ಅರ್ಜಿದಾರನ ಕೆಲಸ. ಅವನ ತಾಯಿ ದೊಡ್ಡವೆಂಕಟಮ್ಮನವರು ರೇಷ್ಮೆಹುಳುವಿಗೆ ಸೊಪ್ಪು ಹಾಕುವಾಗ ಹುಳುವನ್ನು ಮಾತನಾಡಿಸದೆ ತಟ್ಟೆ ಮುಟ್ಟಿದವರಲ್ಲ. ಮಾತು ಬಾರದ ಜೀವಕ್ಕೆ ನಾವೇ ಮಾತು ಕೊಡಬೇಕು ಎಂಬುದು ಅವರ ಕಾನೂನು. ಆ ಕಾರಣ ಅರ್ಜಿದಾರನೂ ಮುಚ್ಚಳ ತೆಗೆದು, ತಟ್ಟೆಯ ಮೇಲೆ ಬಗ್ಗಿ, ದೂರದಿಂದ ಬಂದ ನೆಂಟರನ್ನು ವಿಚಾರಿಸುವಂತೆ ಬ್ಯಾಕ್ಟೀರಿಯಾವನ್ನು ವಿಚಾರಿಸುತ್ತಿದ್ದನು. ಕಡಲಿನವಕ್ಕೆ ಕನ್ನಡ ಬರುತ್ತದೋ ಇಲ್ಲವೋ ಎಂಬ ಅನುಮಾನದ ಕಾರಣ, ತೆಲುಗಿನಲ್ಲೂ "ತಿನಂಡಮ್ಮಾ, ಸಿಗ್ಗುಪಡಕಂಡಿ", ಅಂದರೆ ನಾಚಿಕೊಳ್ಳದೆ ತಿನ್ನಿ, ಎಂದು ಬಲವಂತ ಮಾಡಿದ್ದುಂಟು. ಅರ್ಜಿದಾರನ ಮುಂದಿನ ಹಲ್ಲೊಂದು ಸೇವೆಗೆ ಸೇರುವ ಮೊದಲೇ ನಿವೃತ್ತಿಯಾಗಿರುವುದನ್ನು ಇಲ್ಲಿ ದಾಖಲಿಸಿಕೊಳ್ಳುವುದು.

4. ಫಲಿತಾಂಶ ತಮಗೆ ನೆನಪಿದೆ. ತಟ್ಟೆಯ ತುಂಬ ಬಯಲು. ಹನಿ ಇಟ್ಟ ಕಡೆಗಿಂತ ಇಡದ ಕಡೆ ಹೆಚ್ಚು. ಹೋಲಿಕೆಗೆಂದು ಪಕ್ಕದಲ್ಲಿ ತೆರೆದಿಟ್ಟಿದ್ದ, ಏನನ್ನೂ ಹಾಕದ ಖಾಲಿ ತಟ್ಟೆಯಲ್ಲೂ ಬಯಲು. ಮಾಲೂರಿನಿಂದ ದಿನಾ ಬಂದು ಹೋಗುವ ನಮ್ಮ ಹೊಸ ಸಂಶೋಧಕಿ ಶ್ವೇತ ಅವರು ಇದೇಕೆ ಹೀಗೆ ಎಂದು ಕೇಳಿದಾಗ ತಾವು ಕೊಟ್ಟ ವಿವರಣೆಯನ್ನು ಅರ್ಜಿದಾರನು ಇಂದಿಗೂ ಮರೆತಿಲ್ಲ.

"ಪವರ್ ಕಣಮ್ಮ ಅದು. ಸಮುದ್ರದ್ದು. ಹಾರಿ ಹೋಗಿ ತಿನ್ನುತ್ತೆ."

ಖಾಲಿ ತಟ್ಟೆಯ ಫೋಟೋ ಯಾರೂ ತೆಗೆಯಬಾರದು ಎಂದೂ ಅದೇ ಉಸಿರಿನಲ್ಲಿ ಆದೇಶವಾಯಿತು. ಕಿಣ್ವಕ್ಕೆ ರೆಕ್ಕೆ ಇರುವುದನ್ನು ಕಂಡುಹಿಡಿದ ಕೀರ್ತಿ ವೇಮಗಲ್ಲಿಗೇ ಸಲ್ಲಬೇಕು.

5. ಶ್ವೇತ ಅವರು ಅಷ್ಟಕ್ಕೆ ಬಿಡದೆ ಇನ್ನೊಂದು ಪರೀಕ್ಷೆ ಮಾಡಿದರು. ಬ್ಯಾಕ್ಟೀರಿಯಾ ಬೆಳೆದ ನೀರನ್ನು ಗಂಜಿಗೆ ಬೆರೆಸಿ, ಹಳದಿ ದ್ರಾವಣ ಹಾಕಿ ಕುದಿಸಿದರೆ, ಸಕ್ಕರೆ ಆಗಿದ್ದ ಪಕ್ಷದಲ್ಲಿ ಹಳದಿ ಕೆಂಪಾಗಬೇಕು. "ನಮ್ಮೂರ ಇಟ್ಟಿಗೆ ಬಣ್ಣ ಬರ್ಬೇಕು ಕಣಣ್ಣ, ಇದು ನಿಂಬೆಹಣ್ಣಾಗೇ ಕೂತಿದೆ" ಎಂದು ಅವರು ಟ್ಯೂಬನ್ನು ಬೆಳಕಿಗೆ ಹಿಡಿದರು. ತಾವು ಟ್ಯೂಬನ್ನು ನೋಡಿ, ಹೀಟರ್ ಕೆಟ್ಟಿದೆ ಎಂದಿರಿ.

6. ಅಷ್ಟರಲ್ಲಿ ಶುಚಿತ್ವ ತಪಾಸಣೆಯವರು ಬಂದುಹೋದ ಕಾರಣ ಮಾಸ್ಕ್ ಸುತ್ತೋಲೆ ಹೊರಟಿತು. ಅರ್ಜಿದಾರನು ಬಾಯಿ ಕಟ್ಟಿಕೊಂಡು ಹನಿ ಇಡತೊಡಗಿದನು. ಅಂದಿನಿಂದ ತಟ್ಟೆಗಳು ಅಂಚಿನಿಂದ ಅಂಚಿಗೆ ಕಪ್ಪು. ಬಟ್ಟೆ ಕಾರ್ಖಾನೆಯವರಿಗೆ ಫೋಟೋ ಹೋಗಿಯಾಗಿತ್ತು, ಅವರು ಇಲ್ಲಿಗೆ ಬರುವ ದಿನವೂ ನಿಗದಿಯಾಗಿತ್ತು. ಆದ್ದರಿಂದ ತಪ್ಪು ಯಾರದ್ದಾದರೂ ಆಗಲೇಬೇಕಿತ್ತು. ಶ್ವೇತ ಅವರಿಗೆ ನೋಟಿಸು ಬಂತು. ಜೀವಿಯನ್ನು ಕೊಂದ ಹುಡುಗಿ ಎಂದು ಕಡತದಲ್ಲಿ ಬಂದರೆ ಇನ್ಯಾವ ಪ್ರಯೋಗಾಲಯದ ಬಾಗಿಲೂ ತನಗೆ ತೆರೆಯುವುದಿಲ್ಲ ಎಂದು ಅವರು ಹೇಳಿದ್ದು ಅರ್ಜಿದಾರನಿಗೇ ಹೊರತು ತಮಗಲ್ಲ. ತಾವು ಮೀಟಿಂಗಿನಲ್ಲಿದ್ದಿರಿ.

7. ಅವರು ಅಳಲಿಲ್ಲ, ಖಾಲಿ ತಟ್ಟೆ ತಂದರು. ಅಣ್ಣ, ಮಾಸ್ಕ್ ತೆಗೆದು ಇದರ ಮೇಲೆ ಏನಾದರೂ ಮಾತಾಡಿ ಎಂದರು. ಏನಮ್ಮ ಮಾತಾಡಲಿ ಎಂದರೆ, ನಿಮ್ಮ ಸುಗಟೂರು ಬಸ್ಸಿನ ವಿಚಾರ ಎಂದರು. ಆ ವಿಷಯಕ್ಕೆ ಅರ್ಜಿದಾರನಿಗೆ ತಯಾರಿ ಬೇಕಿರಲಿಲ್ಲ. ಆಮೇಲೆ ಮಾಸ್ಕ್ ಹಾಕಿಸಿ ಇನ್ನೊಂದು ತಟ್ಟೆಯ ಮೇಲೆ ಅದೇ ಬಸ್ಸು, ಅದೇ ಕಂಡಕ್ಟರು, ಅದೇ ಸಿಟ್ಟು. ಮರುದಿನ ಅಯೋಡಿನ್ ಸುರಿದಾಗ ಮೊದಲನೆಯದರಲ್ಲಿ ಅಮಾವಾಸ್ಯೆಯ ಆಕಾಶದಂತೆ ಚುಕ್ಕೆಗಳು. ಎರಡನೆಯದು ಕಾವಲಿಯ ತಳದಂತೆ ಕಪ್ಪು.

ಮನುಷ್ಯನ ಎಂಜಲಿನಲ್ಲೂ ಗಂಜಿಯನ್ನು ಸಕ್ಕರೆ ಮಾಡುವ ಕಿಣ್ವ ಇರುತ್ತದಂತೆ. ಮುದ್ದೆಯನ್ನು ಅಗಿಯದೆ ನುಂಗುವ ಜಿಲ್ಲೆಯವನ ಬಾಯಲ್ಲಿ ಅದು ಇಷ್ಟು ವರ್ಷ ಕೆಲಸವಿಲ್ಲದೆ ಕೂತಿದ್ದು, ಮಾತಿನ ಜೊತೆ ಹಲ್ಲಿನ ಸಂದಿಯಿಂದ ತಟ್ಟೆಗೆ ಹಾರಿ, ತಮ್ಮ ವಿಭಾಗದಲ್ಲಿ ಉದ್ಯೋಗ ಕಂಡುಕೊಂಡಿತು. ಸಮುದ್ರಜೀವಿ ಗಂಜಿಯನ್ನು ಮೂಸಿಯೂ ನೋಡಿಲ್ಲ. ಅದಕ್ಕೆ ಪಾಚಿಯ ಸಕ್ಕರೆ ಕೊಟ್ಟು ನೋಡೋಣ ಎಂದು ಶ್ವೇತ ಅವರು ಮೊದಲೇ ಬರೆದುಕೊಟ್ಟಿದ್ದ ಕಾಗದ ತಮ್ಮ ಮೇಜಿನ ಮೇಲೆ ಟೀ ಲೋಟದ ಕೆಳಗೆ ಇರುತ್ತದೆ.

8. ಸದರಿ ಎರಡು ತಟ್ಟೆಗಳನ್ನು ತಮಗೆ ತೋರಿಸಲಾಯಿತು. ತಾವು ಬೈಯಲಿಲ್ಲ, ನಗಲೂ ಇಲ್ಲ. ಶ್ವೇತ ಅವರನ್ನು ಹೊರಗೆ ಕಳಿಸಿ, ಅರ್ಜಿದಾರನಿಗೆ ಮೊದಲ ಬಾರಿಗೆ ಕುರ್ಚಿ ತೋರಿಸಿದಿರಿ.

"ಕೋದಂಡಣ್ಣ, ಬುಧವಾರ ಪಾರ್ಟಿಯವರು ಬರ್ತಾರೆ. ಅವರ ಮುಂದೇನೇ ಪ್ಲೇಟ್ ಹಾಕ್ಬೇಕು, ಮಾರನೇ ದಿನ ಅಯೋಡಿನ್. ಆವತ್ತು ಮಾಸ್ಕ್ ಬೇಡ. ಮೊದಲಿನ ಥರಾನೇ ಮಾತಾಡ್ಕೊಂಡು ಹಾಕಿ."

"ಆ ಮಗೂಗೆ ಕೊಟ್ಟಿರೋ ನೋಟಿಸು ಸಾರ್?"

"ಅದಿರ್ಲಿ ಬಿಡಿ. ಫೈಲಲ್ಲಿ ಯಾರದ್ದಾದ್ರೂ ಒಂದು ತಪ್ಪು ಇರ್ಬೇಕಲ್ಲ."

ಆದ್ದರಿಂದ, ಮೇಲಿನ ಎಲ್ಲ ಕಾರಣಗಳ ಕಾರಣ, ಪ್ರಾರ್ಥನೆ ಏನೆಂದರೆ:

ಅ) ಮಾತನಾಡಬಾರದು ಎಂಬ ಆದೇಶ ಕಾಗದದಲ್ಲಿದ್ದು, ಮಾತನಾಡು ಎಂಬ ಆದೇಶ ಗಾಳಿಯಲ್ಲಿ ಇರುವುದರಿಂದ, ಎರಡನೆಯದನ್ನೂ ಸಹಿ ಮತ್ತು ಮೊಹರಿನೊಂದಿಗೆ ದಯಪಾಲಿಸಬೇಕು.

ಆ) ವರದಿಯಲ್ಲಿ "ಕಿಣ್ವದ ಮೂಲ: ಆಳ ಸಮುದ್ರ" ಎಂದಿರುವುದನ್ನು ತಿದ್ದಿ "ಕೋದಂಡರಾಮಪ್ಪ, ಸುಗಟೂರು" ಎಂದು ಓದಿಕೊಳ್ಳುವಂತೆ ಮಾಡಬೇಕು. ಕಾರ್ಖಾನೆಯವರು ಟ್ಯಾಂಕರ್ ಲೆಕ್ಕದಲ್ಲಿ ಕೇಳಿದರೆ ಒದಗಿಸುವ ಶಕ್ತಿ ಅರ್ಜಿದಾರನಿಗೆ ಇಲ್ಲ.

ಇ) ಯಾವ ಜೀವಿಯ ಶಕ್ತಿಯೂ ಕುಂದಿಲ್ಲ, ತಮ್ಮದೇ ಸುತ್ತೋಲೆಯ ಪ್ರಕಾರ ಮಾಸ್ಕಿನ ಹಿಂದೆ ಕ್ಷೇಮವಾಗಿದೆ. ಆ ಕಾರಣ ಶ್ವೇತ ಅವರ ನೋಟಿಸನ್ನು ಬೇಷರತ್ತಾಗಿ ಹಿಂಪಡೆಯಬೇಕು.

ಆದೇಶ ಬರುವವರೆಗೆ ಬಾಯಿ ಕಟ್ಟಿಕೊಂಡಿರುವ
ತಮ್ಮ ವಿಶ್ವಾಸಿ,
ಕೋದಂಡರಾಮಪ್ಪ

ಲಗತ್ತುಗಳು:
1. ಮಾಸ್ಕ್ ಇಲ್ಲದೆ ಬಸ್ಸನ್ನು ಬೈದ ತಟ್ಟೆ.
2. ಮಾಸ್ಕ್ ಹಾಕಿಕೊಂಡು ಬೈದ ತಟ್ಟೆ.
3. ಹಳದಿ ಟ್ಯೂಬು, ಜೊತೆಗೆ, ತಾವು ಕೆಟ್ಟಿದೆ ಎಂದ ಹೀಟರಿನಲ್ಲೇ ಗ್ಲೂಕೋಸ್ ಹಾಕಿ ಕುದಿಸಿದ ಕೆಂಪು ಟ್ಯೂಬು.
4. ಬಾಯಿ, ಅಸಲು. ಬುಧವಾರ ಖುದ್ದಾಗಿ ಹಾಜರುಪಡಿಸಲಾಗುವುದು.

ವಿಶೇಷ ಸೂಚನೆ: ಅತಿಥಿಗಳ ಮುಂದೆ ತಟ್ಟೆಯ ಮೇಲೆ ಯಾವ ವಿಷಯ ಮಾತನಾಡಬೇಕೆಂದು ತಾವು ತಿಳಿಸಿರುವುದಿಲ್ಲ. ಅರ್ಜಿದಾರನಿಗೆ ಸದ್ಯ ಬಾಯಿಗೆ ಬರುತ್ತಿರುವುದು ಈ ಅರ್ಜಿಯಲ್ಲಿರುವ ವಿಷಯ ಒಂದೇ. ಬೇರೆ ವಿಷಯ ಬೇಕಾದಲ್ಲಿ, ಶ್ವೇತ ಅವರ ನೋಟಿಸು ರದ್ದಾದ ಪ್ರತಿಯೊಂದಿಗೆ ಮಂಗಳವಾರ ಸಂಜೆಯೊಳಗೆ ತಿಳಿಸುವುದು. ಬೇಡವಾದಲ್ಲಿ, ಅತಿಥಿಗಳಿಗೆ ಯಾವ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ ಎಂಬುದನ್ನಾದರೂ ತಿಳಿಸಬೇಕಾಗಿ ಕೋರಿಕೆ.