ಮಹೇಶಕುಮಾರ ಇಟ್ಟ ಮೂರು ಶರತ್ತು

ಒಬ್ಬ ಮನುಷ್ಯನನ್ನು ಎರಡು ಕಡೆಯಿಂದ ಕರೆದರೆ ಅವನ ಕುತ್ತಿಗೆ ತಾನಾಗಿಯೇ ಸೆಟೆದುಕೊಳ್ಳುತ್ತದೆ. ಶಹಾಪುರದ ಮಹೇಶಕುಮಾರನ ಕುತ್ತಿಗೆ ಆ ವಾರವೆಲ್ಲ ಹಾಗೆಯೇ ಇತ್ತು. ಒಂದು ಕಡೆ ಹೈದರಾಬಾದಿನ ಪ್ರೈವೇಟ್ ಇಕ್ವಿಟಿ ಕಂಪನಿಯೊಂದು ಮೂರು ತಿಂಗಳ ಇಂಟರ್ನ್‌ಶಿಪ್ಪಿಗೆ ಕರೆದಿತ್ತು. (ನಲವತ್ತರ ಹತ್ತಿರ ಬಂದವನು ಇಂಟರ್ನ್ ಹೇಗಾದ ಎಂದು ಕೇಳಬೇಡಿ. ಅವನು ಕೂಡ ಕೇಳಿಕೊಂಡಿರಲಿಲ್ಲ.) ಇನ್ನೊಂದು ಕಡೆ, ಆರು ತಿಂಗಳ ಹಿಂದೆ ಅವನು ಮ್ಯಾನೇಜರ್‌ಗಿರಿ ಬಿಟ್ಟು ಬಂದಿದ್ದ ಭೀಮರಾಯ ಸಾಹುಕಾರರ ಹತ್ತಿ ಗಿರಣಿ. ಹೊಸ ಮ್ಯಾನೇಜರ್ ಸಿಗದೆ ಅಲ್ಲಿಂದ ದಿನಾ ಫೋನು.

ಬಿಟ್ಟು ಬಂದ ರೀತಿಯಾದರೂ ಎಂಥದು! ಮೊಬೈಲಿನಲ್ಲಿ ಫೈನಾನ್ಸ್ ಕೋರ್ಸ್ ಮುಗಿಸಿ, ಸರ್ಟಿಫಿಕೇಟಿಗೆ ಗಾಜು ಹಾಕಿಸಿ, ದೇವರ ಫೋಟೋದ ಪಕ್ಕ ತೂಗುಹಾಕಿದ್ದ. ಹೆಂಡತಿ ಗುರುದೇವಿ ಬೆಳಿಗ್ಗೆ ಊದಿನಕಡ್ಡಿ ಬೆಳಗುವಾಗ ಅದಕ್ಕೂ ಒಂದು ಸುತ್ತು ತಿರುಗಿಸುತ್ತಿದ್ದಳು. ಭಕ್ತಿಯೋ ಚೇಷ್ಟೆಯೋ ಅವನಿಗೆ ಕೊನೆತನಕ ತಿಳಿಯಲಿಲ್ಲ. ಗಿರಣಿಯ ಅಂಗಳದಲ್ಲಿ ನಿಂತು ತನ್ನ ಉಜ್ವಲ ಭವಿಷ್ಯದ ಬಗ್ಗೆ ಭಾಷಣ ಮಾಡಿ, ಹಮಾಲರ ಕೈಯಿಂದ ಹಾರ ಹಾಕಿಸಿಕೊಂಡು ಮನೆಗೆ ಬಂದಿದ್ದ. (ಹಾರ ತರಿಸಿದವನೂ ಅವನೇ.)

"ಪ್ರೈವೇಟ್ ಇಕ್ವಿಟಿ ಅಂದ್ರ ಏನ್ರಿ?" ಎಂದು ಗುರುದೇವಿ ಕೇಳಿದ್ದಳು.

"ಸೊರಗಿದ ಕಂಪನಿ ಕೊಳ್ಳೂದು, ಅದನ್ನ ಚಲೋ ಮಾಡೂದು, ಜಾಸ್ತಿ ರೇಟಿಗೆ ಮಾರೂದು. ನಿನಗ ತಿಳಿಯಾಂಗಿಲ್ಲ ಬಿಡು."

"ಯಾಕ ತಿಳಿಯಾಂಗಿಲ್ಲ? ಸುರಪುರದ ನಮ್ಮ ಸೋದರಮಾವ ಬಡಕ ಎಮ್ಮಿ ತಂದು, ಹಿಂಡಿ ತಿನಿಸಿ, ಮೈ ತೊಳೆದು ಮಾರ್ತಿದ್ದ. ಅವಗ ಟೈ ಒಂದು ಇದ್ದಿದ್ದಿಲ್ಲ."

ಅಂಥ ಅಜ್ಞಾನದ ಜೊತೆ ವಾದಿಸಿ ಫಲವಿಲ್ಲವೆಂದು ಮಹೇಶಕುಮಾರ ಸರ್ಟಿಫಿಕೇಟಿನ ಗಾಜು ಒರೆಸಲು ಎದ್ದ.

ಗಿರಣಿಯ ಫೋನು ಬಂದಾಗಲೆಲ್ಲ ಅವನು ಮಂಚದ ಮೇಲಿಂದಲೇ, "ಸಾಹೇಬ್ರು ಮೀಟಿಂಗಿನ್ಯಾಗ ಅದಾರ ಅಂತ ಹೇಳು" ಎನ್ನುತ್ತಿದ್ದ. ಮೊದಮೊದಲು ಗುರುದೇವಿ ಹಾಗೇ ಹೇಳಿದಳು. ಆಮೇಲೆ ಫೋನು ಹಿಡಿದು ಅಂಗಳಕ್ಕೆ ನಡೆದಳು. ಅಲ್ಲಿಂದ ಅವಳ ದನಿ ಓಣಿಗೆಲ್ಲ ಕೇಳುತ್ತಿತ್ತು.

"ಲಾರಿ ಎಷ್ಟೊತ್ತಿನಿಂದ ನಿಂತಾವ? ಹಮಾಲರು ಚಾ ಕುಡಿಯಾಕ ಹೋಗ್ಯಾರ? ಏನ್ ಅಸ್ಸಾಮಿಗೆ ಹೋಗ್ಯಾರೇನು ಚಾ ಕುಡಿಯಾಕ? ಕೊಡು ಅವರ ಕೈಯಾಗ ಫೋನು!"

ಮಹೇಶಕುಮಾರ ಕಿವಿಯ ಮೇಲೆ ದಿಂಬು ಇಟ್ಟುಕೊಂಡು ಹಮಾಲರಿಗಾಗಿ ಮರುಗುತ್ತಿದ್ದ. ಮದುವೆಯಾದಾಗಿನಿಂದ ಆ ಬಾಯಿಗೆ ಅವನೊಬ್ಬನೇ ಗಿರಾಕಿ. ಈಗ ಭಾರ ಹಂಚಿಹೋಗುತ್ತಿದೆಯಲ್ಲ ಎಂಬ ಸಮಾಧಾನವೂ ಇತ್ತು.

ನಿಜ ಹೇಳಬೇಕೆಂದರೆ ಅವನಿಗೆ ಗಿರಣಿಗೇ ಹೋಗಬೇಕಿತ್ತು. ಹೈದರಾಬಾದಿನಲ್ಲಿ ಮೀಸೆ ಮೂಡದ ಹುಡುಗರ ಸಾಲಿನಲ್ಲಿ ಕೂತು ಪಾಠ ಹೇಳಿಸಿಕೊಳ್ಳುವುದನ್ನು ನೆನೆದರೆ ಮಂಚ ಬಿಟ್ಟು ಏಳಲು ಮನಸ್ಸಾಗುತ್ತಿರಲಿಲ್ಲ. ಆದರೆ ಹಾರ ಹಾಕಿಸಿಕೊಂಡು ಬಂದವನು ತಾನಾಗಿ ಹೇಗೆ ಹೋದಾನು? ಅವರೇ ಬಂದು ಕರೆದೊಯ್ಯಬೇಕು. ಅತ್ತ ಕೂಡಿಟ್ಟದ್ದು ಕರಗುತ್ತಿತ್ತು, ಇತ್ತ ಗುರುದೇವಿ, "ಎರಡರಾಗ ಒಂದು ಜಲ್ದಿ ಹೇಳ್ರಿ" ಎಂದು ಬೆನ್ನು ಹತ್ತಿದ್ದಳು.

ಹೈದರಾಬಾದಿಗೆ ಉತ್ತರ ಕೊಡಬೇಕಾದ ದಿನ ಮಧ್ಯಾಹ್ನ ಗಿರಣಿಯ ಜೀಪು ಮನೆ ಮುಂದೆ ಬಂದು ನಿಂತಿತು. ಭೀಮರಾಯ ಸಾಹುಕಾರರು ಕೈಯಲ್ಲಿ ಎಲೆ ಅಡಿಕೆ ಹಿಡಿದು ಇಳಿದರು. ಮಹೇಶಕುಮಾರ ಮಂಚದಿಂದ ಇಳಿದು ಅಂಗಿ ಸರಿಮಾಡಿಕೊಂಡ. ಅವರ ಗಿರಣಿಯಲ್ಲಿ ನೇಮಕಾತಿಗೆ ಕಾಗದಪತ್ರವಿಲ್ಲ. ಸಾಹುಕಾರರು ಕೊಟ್ಟ ಎಲೆ ಅಡಿಕೆ ಹಿಡಿದರೆ ಒಂದು ವರ್ಷ ಮಾತು ತಿರುಗಿಸುವಂತಿಲ್ಲ. ತಿರುಗಿಸಿದವನಿಗೆ ಆಮೇಲೆ ಬಜಾರಿನಲ್ಲಿ ಯಾರೂ ಕೆಲಸ ಕೊಡುವುದಿಲ್ಲ.

"ಮಹೇಶಪ್ಪಾ," ಎಂದು ಸಾಹುಕಾರರು ಖುರ್ಚಿಯ ತುದಿಯಲ್ಲಿ ಕೂತರು. "ಫೋನಿನ್ಯಾಗ ಎಷ್ಟು ದಿನ ಗಿರಣಿ ನಡಸಲಿ? ನಿಮ್ಮ ಒಪ್ಪಿಗಿ ಕೇಳಾಕ ಬಂದೀನಿ. ವಿಷಯ ಏನಂದ್ರ..."

ಎದುರಿನವರ ಮಾತು ಮುಗಿಯುವ ಮೊದಲೇ ನಿಮ್ಮ ಶರತ್ತು ಇಡಿ ಎಂದು ಕೋರ್ಸಿನಲ್ಲಿ ಕಲಿಸಿದ್ದರು. ಮಹೇಶಕುಮಾರ ಕೈ ಎತ್ತಿ ತಡೆದ.

"ವಿಷಯ ನನಗ ಗೊತ್ತದ ಸಾವುಕಾರ್ರ. ಮೂರು ಶರತ್ತು ಅದಾವ. ಪಗಾರ ಮೊದಲಿಗಿಂತ ದೀಡಪಟ್ಟು, ಅಂದ್ರ ಒಂದೂವರಿ ಪಟ್ಟು, ಆಗಬೇಕು."

ಸಾಹುಕಾರರು ಕಣ್ಣರಳಿಸಿದರು. "ಆತು."

"ಕೂಡಾಕ ಬ್ಯಾರೆ ಖೋಲಿ, ಅದಕ್ಕ ಎ.ಸಿ."

"ಹತ್ತಿ ಧೂಳ ಭಾಳ ಅದ, ಖರೆ. ಆತು."

"ಮಧ್ಯಾಹ್ನ ಒಂದಕ್ಕ ಮನಿಯಿಂದ ಬಿಸಿ ರೊಟ್ಟಿ ಊಟ ಬರಬೇಕು. ನಿಮ್ಮ ಜೀಪ್ ಬಂದು ಡಬ್ಬಿ ಒಯ್ಯಬೇಕು. ಆರಿದ್ದು ನಡಿಯಾಂಗಿಲ್ಲ."

ಸಾಹುಕಾರರು ಕಣ್ಣಂಚು ಒರೆಸಿಕೊಂಡರು. "ನೀವು ಇಷ್ಟು ವಿಚಾರ ಮಾಡಿರ್ತೀರಂತ ನಾ ತಿಳ್ಕೊಂಡಿದ್ದಿಲ್ಲ ನೋಡ್ರಿ. ಮೂರಕ್ಕೂ ಒಪ್ಪೀನಿ. ಹಿಡೀರಿ."

ಮಹೇಶಕುಮಾರ ಎರಡೂ ಕೈಯೊಡ್ಡಿ ಎಲೆ ಅಡಿಕೆ ಹಿಡಿದ. ಹಿಡಿದವನೇ ಒಳಕೋಣೆಗೆ ಹೋಗಿ ಹೈದರಾಬಾದಿಗೆ ಫೋನು ಹಚ್ಚಿ, ತನ್ನ ಮೇಲೆ ಆಸೆ ಬಿಟ್ಟುಬಿಡಬೇಕೆಂದು ಇಂಗ್ಲಿಷಿನಲ್ಲಿ ವಿನಂತಿಸಿದ. ಆ ಕಡೆಯ ಹುಡುಗಿ ತಕ್ಷಣ "ನೋ ಪ್ರಾಬ್ಲಂ ಅಂಕಲ್" ಎಂದಳು. ಅಷ್ಟು ಬೇಗ ಆಸೆ ಬಿಡಬಾರದಿತ್ತು ಎನಿಸಿತು. ಇರಲಿ ಎಂದು ಎಲೆ ಮಡಚಿ ಬಾಯಿಗೆ ಹಾಕಿಕೊಂಡು ಹೊರಗೆ ಬಂದು ಕೂತ.

ಸಾಹುಕಾರರು ಅಡಿಗೆಮನೆಯ ಕಡೆ ತಿರುಗಿ ಕೂಗಿದರು. "ತಂಗೀ ಗುರುದೇವಿ, ಬಾರವ್ವ! ನಿಮ್ಮ ಯಜಮಾನ್ರು ಒಪ್ಯಾರ. ನಾಳಿಂದ ನೀನ ನಮ್ಮ ಮ್ಯಾನೇಜರ್. ನೀ ಫೋನ್ ಹಿಡಿದಾಗಿಂದ ಒಂದು ಲಾರಿ ತಡಾ ಆಗಿಲ್ಲವ್ವ. ಹಮಾಲರಂತೂ ನಿನ್ನ ದನಿ ಕೇಳಿದ್ರ ಎದ್ದು ನಿಲ್ತಾರ. ಮ್ಯಾಲ ಇವರು ನೋಡು, ಹೆಂಡ್ತಿಗೆ ದೀಡಪಟ್ಟು ಪಗಾರ ಕೊಡ್ರಿ, ಎ.ಸಿ. ಹಾಕಸ್ರಿ, ಮನಿಯಿಂದ ಬಿಸಿ ಊಟ ಕಳಸ್ತೀನಿ ಅಂತ ಜಗ್ಗಾಡಿದ್ರು. ಇಂಥಾ ಗಂಡನ್ನ ನಾ ಈ ಊರಾಗ ನೋಡಿಲ್ಲ!"

ಮಹೇಶಕುಮಾರನ ಬಾಯಿ ತುಂಬ ರಸ. ಉಗುಳಿದರೆ ಸಾಹುಕಾರರಿಗೆ ಅವಮಾನ, ನುಂಗಿದರೆ ಒಪ್ಪಿದಂತೆ. ಗುರುದೇವಿ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. ಮದುವೆಯ ದಿನ ನೋಡಿದ ಹಾಗೆ ನೋಡುತ್ತಿದ್ದಳು. ಅವನು ನುಂಗಿದ.

ಜೀಪು ಹೋದ ಮೇಲೆ ಅವನಿಗೆ ಬಾಯಿ ಬಂತು. "ನಿನಗ ಮೊದಲ ಗೊತ್ತಿತ್ತೇನು?"

"ಸಾವುಕಾರ್ರು ಕೇಳಿದ್ರು. ನಮ್ಮ ಮನಿಯವರನ್ನ ಕೇಳ್ರಿ ಅಂದೆ. ನೀವು ಒಲ್ಲೆ ಅಂತೀರಂತ ಹೆದರಿದ್ದೆ. ಬಿಸಿ ಊಟ ತನಕಾ ವಿಚಾರ ಮಾಡೀರಿ ಅಂತ ಕನಸಿನ್ಯಾಗೂ ಅನ್ಕೊಂಡಿದ್ದಿಲ್ಲ."

ಅವಳ ಕಣ್ಣುಗಳು ತುಂಬಿದ್ದವು. ನಿಜ ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ಇಂದಿಗೂ ಬಂದಿಲ್ಲ.

ಈಗ ದಿನಾ ಒಂದು ಗಂಟೆಗೆ ಜೀಪಿನ ಡ್ರೈವರ್ ಸಿಕಂದರ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಾನೆ. ಒಳಗೆ ಮಹೇಶಕುಮಾರ ಮೈಯೆಲ್ಲ ಜೋಳದ ಹಿಟ್ಟಾಗಿ ರೊಟ್ಟಿ ಬಡಿಯುತ್ತಿರುತ್ತಾನೆ. ದಪ್ಪ ಬಡಿದರೆ ಬೇಯುವುದಿಲ್ಲ, ತೆಳ್ಳಗೆ ಬಡಿದರೆ ಹರಿಯುತ್ತದೆ. ಮೊನ್ನೆ ಸಂಜೆ ಗುರುದೇವಿ ಖಾಲಿ ಡಬ್ಬಿ ತಂದಿಟ್ಟು, "ಪಲ್ಯಕ್ಕ ಉಪ್ಪ ಹಾಕೂದ ಮರತೀರಿ" ಎಂದಳು.

"ನಾ ಏನು ಅಡಗಿ ಕಲ್ತು ಹುಟ್ಟೀನೇನು?" ಎಂದು ಅವನು ರೇಗಿದ.

"ಸಿಟ್ಟಿಗೇಳಬ್ಯಾಡ್ರಿ," ಎಂದು ಗುರುದೇವಿ ಅವನ ಮೀಸೆಗೆ ಅಂಟಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು. "ಮೂರು ತಿಂಗಳ ಇಂಟರ್ನ್‌ಶಿಪ್ ಅಂತ ತಿಳ್ಕೊಳ್ರಿ. ಕೆಲಸ ಬರಾಬರ್ ಇದ್ರ ಕಾಯಂ ಮಾಡೂಣು."