ಐದು ವರ್ಷದ ಭರವಸೆ

ಮಧುಗಿರಿಯ ಟ್ರಸ್ಟ್ ಲೈಬ್ರರಿಯ ಕಂಪ್ಯೂಟರಿಗೆ ವಯಸ್ಸಾಗಿತ್ತು. ಅದರ ಆಪರೇಟಿಂಗ್ ಸಿಸ್ಟಂಗೆ ಇನ್ನು ರಿಪೇರಿ ಸಿಗುವುದಿಲ್ಲವೆಂದು ದಿನಾ ಬೆಳಗ್ಗೆ ಪರದೆಯ ಮೇಲೆ ಕೆಂಪು ಎಚ್ಚರಿಕೆ ಬರುತ್ತಿತ್ತು. ಗುಮಾಸ್ತ ಗೌರೀಶ ದಿನಾ ಅದನ್ನು ಮುಚ್ಚುತ್ತಿದ್ದ. ಆ ಸೋಮವಾರ ಮುಚ್ಚುವಾಗ ಅಧ್ಯಕ್ಷ ವೀರಭದ್ರಯ್ಯನವರು ಬೆನ್ನ ಹಿಂದೆಯೇ ನಿಂತಿದ್ದರು.

"ಏನಪ್ಪಾ ಅದು, ಕೆಂಪಗೆ? ಇವತ್ತೇ ಸರಿ ಮಾಡ್ಬುಡು."

ಸಿಸ್ಟಂ ಬದಲಿಸಿದರೆ ಒಳಗಿದ್ದದ್ದೆಲ್ಲ ಅಳಿಸಿಹೋದೀತೆಂದು ಗೌರೀಶ ಹೆದರಿದ. ಪುಸ್ತಕಗಳ ಪಟ್ಟಿಯನ್ನೆಲ್ಲ ಆ ಕಂಪ್ಯೂಟರಿನ ಉಚಿತ ಲೈಬ್ರರಿ ತಂತ್ರಾಂಶಕ್ಕೆ ತುಂಬಿದವಳು ಅವನ ಹೆಂಡತಿ ಭವ್ಯ. ಪ್ರತಿ ಪುಸ್ತಕದ ಕೆಳಗೆ, ಸಿಬ್ಬಂದಿಗೆ ಮಾತ್ರ ಕಾಣುವ ಜಾಗದಲ್ಲಿ, ತನಗನ್ನಿಸಿದ್ದನ್ನು ಒಂದು ಸಾಲು ಬರೆಯುತ್ತಿದ್ದಳು. ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಸಾಲುಗಳು ಉಳಿದವು. ಗೌರೀಶ ದಿನಕ್ಕೊಂದು ಓದುತ್ತಿದ್ದ. ಬೇಗ ಮುಗಿದುಹೋದಾವೆಂದು ಎರಡನೆಯದನ್ನು ಮುಟ್ಟುತ್ತಿರಲಿಲ್ಲ.

ಬಂದಾಗಿನಿಂದ ಐದು ವರ್ಷ ರಿಪೇರಿ ಕೊಡುತ್ತೇವೆಂದು ತಯಾರಕರು ಮಾತು ಕೊಟ್ಟ ಆಪರೇಟಿಂಗ್ ಸಿಸ್ಟಂ ಆವೃತ್ತಿಗಳು ಎರಡಿದ್ದವು. ಒಂದು ಹೋದ ತಿಂಗಳು ಬಂದದ್ದು, ಇನ್ನೊಂದು ಎರಡು ವರ್ಷ ಹಳೆಯದು. ಲೈಬ್ರರಿ ತಂತ್ರಾಂಶದವರು ಪರೀಕ್ಷಿಸಿ ಸೈ ಎಂದದ್ದು ಹಳೆಯದಕ್ಕೆ ಮಾತ್ರ.

"ಹೊಸಾದು ಬಂದಿರುವಾಗ ಹಳೇದ್ಯಾಕಣ್ಣ?" ಎಂದ ಪಕ್ಕದ ಜೆರಾಕ್ಸ್ ಅಂಗಡಿಯ ಪರಮೇಶ. "ಹೊಸದಕ್ಕೆ ಆಯಸ್ಸು ಜಾಸ್ತಿ."

"ಆಯಸ್ಸಿದ್ರೆ ಸಾಲ್ದು, ಹೊಂದ್ಕೋಬೇಕು ಕಣೋ," ಎಂದ ಗೌರೀಶ.

ವಾದ ಬೆಳೆಯಿತು. ಬೇಸತ್ತ ವೀರಭದ್ರಯ್ಯನವರು ಗೋಡೆಯ ಮೇಲಿದ್ದ ಸ್ವಾಮಿಯ ಪಟದ ಎರಡೂ ಕಡೆ ನೀರಲ್ಲಿ ಅದ್ದಿದ ಹೂ ಅಂಟಿಸಿದರು. ಬಲಕ್ಕೆ ಬಿದ್ದರೆ ಹೊಸದು, ಎಡಕ್ಕೆ ಬಿದ್ದರೆ ಹಳೆಯದು. ಎಲ್ಲರೂ ಫಲಿತಾಂಶಕ್ಕೆ ಕಾದ ಎಸ್ಸೆಸ್ಸೆಲ್ಸಿ ಮಕ್ಕಳಂತೆ ಕುಳಿತರು. ಪರಮೇಶ ಎದ್ದು ಫ್ಯಾನ್ ಜೋರು ಮಾಡಿದ. ಬಲಗಡೆಯ ಹೂ ಉದುರಿತು.

"ಫ್ಯಾನ್ ಹಾಕಿ ಕೇಳುದ್ರೆ ದೇವ್ರೇನ್ ಹೇಳ್ತಾನೆ ಸಾಮಿ?" ಎಂದಳು ಕಸ ಗುಡಿಸುವ ಪಾವಗಡದ ಪೆದ್ದಮ್ಮ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರೆಲ್ಲ ಊಟಕ್ಕೆ ಹೋದ ಮೇಲೆ ಗೌರೀಶ ಬಾಗಿಲು ಹಾಕಿಕೊಂಡು, ಪೆನ್‌ಡ್ರೈವಿಗೆ ಎಲ್ಲವನ್ನೂ ನಕಲು ಮಾಡಿ, ದೇವರ ಅಪ್ಪಣೆ ಮೀರಿ ಹಳೆಯದನ್ನೇ ಹಾಕಿದ. ಅದಕ್ಕೆ ಹೊಂದುವ ಲೈಬ್ರರಿ ತಂತ್ರಾಂಶವನ್ನೂ ಹೊಸದಾಗಿ ಇಳಿಸಿಕೊಂಡ. ಸಂಜೆಗೆ ಲೈಬ್ರರಿ ತಂತ್ರಾಂಶ ಹೊಸ ಬಣ್ಣದಲ್ಲಿ ತೆರೆದುಕೊಂಡಿತು. ಭವ್ಯಳ ಒಂದು ಅಕ್ಷರವೂ ಕಳೆದಿರಲಿಲ್ಲ.

"ನೋಡ್ದಾ, ಹೊಸಾದು ಹೆಂಗೈತೆ!" ಎಂದು ವೀರಭದ್ರಯ್ಯನವರು ಬೀಗಿದರು.

ಅಷ್ಟರಲ್ಲಿ, ಓದುಗರು ಪುಸ್ತಕ ಹುಡುಕಲೆಂದು ಇಟ್ಟಿದ್ದ ಇನ್ನೊಂದು ಕಂಪ್ಯೂಟರಿನ ಮುಂದೆ ಕುಳಿತಿದ್ದ ಪರಮೇಶ ಕಿಸಕ್ಕೆಂದು ನಕ್ಕ. ಹೊಸ ಬಣ್ಣದ ತಂತ್ರಾಂಶಕ್ಕೆ ಹಳೆಯ ಮರೆ ಗೊತ್ತಿರಲಿಲ್ಲ. ಸಿಬ್ಬಂದಿಯ ಜಾಗವನ್ನು ಊರಿಗೆಲ್ಲ ತೆರೆದಿಟ್ಟಿತ್ತು. ದಪ್ಪನೆಯದೊಂದು ವಚನ ಸಂಪುಟದ ಕೆಳಗೆ ಹೀಗಿತ್ತು: 'ಅಧ್ಯಕ್ಷರು ಮೂರು ಸಲ ಒಯ್ದಿದ್ದಾರೆ. ನಾನು ಒಳಗಿಟ್ಟ ಬಸ್ ಟಿಕೆಟ್ ಇಟ್ಟಲ್ಲೇ ಇದೆ.'

ವೀರಭದ್ರಯ್ಯನವರ ವಿಭೂತಿ ಬೆವರಿತು. "ಅಳಿಸು. ಎಲ್ಲಾನೂ."

"ಸಾರ್, ಮತ್ತೆ ಮರೆ ಮಾಡ್ತೀನಿ..."

"ಮುಚ್ಚಿಟ್ಟಿದ್ದೇ ಅಲ್ವೇನಯ್ಯಾ ಎದ್ದು ಬಂದಿದ್ದು? ನನ್ನ ಕಣ್ಣೆದುರಿಗೇ ಅಳಿಸು."

"ಪೆನ್‌ಡ್ರೈವಲ್ಲೂ ಒಂದು ಕಾಪಿ ಐತೆ ಸಾರ್," ಎಂದು ಪರಮೇಶ ಕಂಪ್ಯೂಟರಿಗೆ ಇನ್ನೂ ಸಿಕ್ಕಿಸಿಯೇ ಇದ್ದುದನ್ನು ತೋರಿಸಿ ನೆರವಾದ.

ಪೆದ್ದಮ್ಮ ಪೊರಕೆ ಕೆಳಗಿಟ್ಟು ನೆಲದ ಮೇಲೆ ಕುಳಿತಳು. "ನಂಗೆ ಓದಕ್ ಬರಲ್ಲ ನಾಯನಾ. ಆ ಪಿಲ್ಲ, ನಿನ್ ಹೆಂಡ್ತಿ, ಏನ್ ಬರ್ದವ್ಳೋ, ಅಳಿಸೋಕ್ ಮುಂಚೆ ಒಂದ್ಸಲ ಹೇಳು."

ಗೌರೀಶ ಅಡುಗೆ ಪುಸ್ತಕದ ಕೆಳಗಿನ ಸಾಲು ಓದಿದ: 'ಇದನ್ನು ನೋಡಿಕೊಂಡು ನಮ್ಮವರು ಚಿತ್ರಾನ್ನ ಮಾಡಿದರು. ಪುಸ್ತಕದ ತಪ್ಪಲ್ಲ.'

ಪೆದ್ದಮ್ಮ ಬಾಯಿಗೆ ಸೆರಗಿಟ್ಟುಕೊಂಡಳು. ಪರಮೇಶ ಮೇಜು ಕುಟ್ಟಿದ. ವೀರಭದ್ರಯ್ಯನವರ ಮೀಸೆಯೂ ಅಲುಗಿತು. ಗೌರೀಶನೂ ನಕ್ಕ. ಆಮೇಲೆ ಆ ಸಾಲನ್ನು ಅಳಿಸಿದ.

"ಮುಂದಿಂದು ಓದಪ್ಪಾ," ಎಂದಳು ಪೆದ್ದಮ್ಮ.