ಸಿ ಅಕ್ಷರದ ಬಾಲ

ಆ ದಿನದ ಅವಾಂತರಕ್ಕೆಲ್ಲ ಕಾರಣ ಬೆರಳುದ್ದದ ಒಂದು ಹಿತ್ತಾಳೆಯ ಬಾಲ.

ಬೋರ್ಡ್ ತಯಾರಿಸುವ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಕೂತು ಲೋಹದ ಅಕ್ಷರಗಳ ಅಂಚನ್ನು ಅರದಿಂದ ಉಜ್ಜುವುದು ಅವನ ಕೆಲಸ. ಒಂಬತ್ತು ವರ್ಷ ಉಜ್ಜಿದ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರು ಸವೆದುಹೋಗಿ ಅರದಣ್ಣ ಎಂಬುದೇ ಉಳಿದಿತ್ತು. ಆ ಕೋಣೆಗೆ ಕಿಟಕಿಯಿರಲಿಲ್ಲ. ಅವನು ಸೀನಿದರೂ ಹಿತ್ತಾಳೆಯ ಪುಡಿ ಹಾರುತ್ತಿತ್ತು. ಏಣಿ ಹೊತ್ತು ಊರು ಸುತ್ತಿ ಬೋರ್ಡ್ ಕೂರಿಸುವ ಫಿಟ್ಟರ್ ಆಗಬೇಕು, ಹೊಟ್ಟೆ ತುಂಬ ಗಾಳಿ ಕುಡಿಯಬೇಕು ಎನ್ನುವುದೊಂದೇ ಅವನ ಆಸೆ.

ಅಂದು ಬೆಳಿಗ್ಗೆ ಫಿಟ್ಟರ್‌ಗೆ ಜ್ವರ. ಮಾಲೀಕರು ತಾವೇ ಪೆಟ್ಟಿಗೆ ಕಟ್ಟಿ ಅರದಣ್ಣನ ಕೈಗಿಟ್ಟರು.

"ಭಾಷಾ ಶಾಲೆಯ ಬಾಗಿಲ ಮೇಲೆ ಕೂರಿಸಬೇಕು. ಒಂದೇ ಅಕ್ಷರ, ಕೆಳಗೆ ಬಾಲ ಇರೋ ಫ್ರೆಂಚ್ ಸಿ. ನಾಲ್ಕು ಗಂಟೆಗೆ ಉದ್ಘಾಟನೆ, ಹೊತ್ತಿಗೆ ಸರಿಯಾಗಿ ನಾನೂ ಬರ್ತೀನಿ. ಇದೊಂದು ಚೆನ್ನಾಗಿ ಆಗ್ಲಿ, ನಾಳೆಯಿಂದ ಏಣಿ ನಿಂದೇ ಕಣಯ್ಯಾ," ಎಂದು ಅಂಗಿಯ ಜೇಬು ತಟ್ಟಿಕೊಂಡು ನಕ್ಕರು.

ಅರದಣ್ಣ ಶಾಲೆಯ ಮುಂದೆ ಏಣಿ ಇಟ್ಟು, ಮೊಳದೆತ್ತರದ ಸಿ ಅಕ್ಷರವನ್ನು ಗೋಡೆಗೆ ಬಿಗಿದು, ಬಾಲಕ್ಕಾಗಿ ಪೆಟ್ಟಿಗೆಗೆ ಕೈ ಹಾಕಿದ. ಬಾಲ ಇರಲಿಲ್ಲ. ಪೆಟ್ಟಿಗೆ ಬೋರಲು ಹಾಕಿ ಕೊಡವಿದ. ಎರಡು ಸ್ಕ್ರೂ ಬಿದ್ದವು, ಅಷ್ಟೇ. ಫೋನ್ ಮಾಡಿ ಕೇಳೋಣವೆಂದರೆ, ಮೊದಲ ದಿನವೇ ಸಾಮಾನು ಕಳೆದ ಎಂಬ ಹೆಸರು ಬಂದು, ಏಣಿ ಹೋಗಿ ಮತ್ತೆ ಅರವೇ ಗತಿಯಾಗುತ್ತದೆ. ಫೋನನ್ನು ಜೇಬಿಗೆ ಹಾಕಿದ.

ಪಕ್ಕದ ಅಂಗಡಿಯ ದರ್ಜಿ ಅಷ್ಟರಲ್ಲಿ ಹಾಜರು. ಅವನ ಹಿಂದೆಯೇ, ಗಿರಾಕಿಯಿಲ್ಲದೆ ನೊಣ ಹೊಡೆಯುತ್ತಿದ್ದ ಕ್ಷೌರಿಕನೂ ಬಂದ. ಅರದಣ್ಣ ಇಬ್ಬರಿಗೂ ಬಾಲ ಕಾಣೆಯಾದ ಕಥೆ ಹೇಳಿದ.

"ಬಾಳೆಹಣ್ಣಿನ ತೊಟ್ಟಿಗೆ ಬಂಗಾರದ ಬಣ್ಣ ಬಳಿದು ಅಂಟಿಸು ಗುರುವೇ," ಎಂದ ಕ್ಷೌರಿಕ. "ಕೆಳಗೆ ನಿಂತವನಿಗೆ ಏನು ಗೊತ್ತಾಗುತ್ತೆ?"

"ನಾಲ್ಕು ದಿನಕ್ಕೆ ಕೊಳೆತು ತಲೆ ಮೇಲೆ ಬೀಳುತ್ತೆ, ಅದು ಗೊತ್ತಾಗುತ್ತೆ," ಎಂದ ದರ್ಜಿ.

ಗಲಾಟೆ ಕೇಳಿ ಶಾಲೆಯ ಮೇಡಂ ಹೊರಗೆ ಬಂದರು. ಅರದಣ್ಣ ದಡದಡ ಏಣಿ ಹತ್ತಿ ಅಕ್ಷರದ ಬುಡಕ್ಕೆ ಟವೆಲ್ ಹೊದಿಸಿ, "ಪಾಲಿಶ್ ಮಾಡ್ತಿದ್ದೀನಿ ಮೇಡಂ," ಎಂದ.

"ಮಾಡಿ, ಮಾಡಿ. ಬಾಲಕ್ಕೆ ಚೆನ್ನಾಗಿ ಮಾಡಿ. ಅದರ ಜಾತಕ ಗೊತ್ತೇನ್ರೀ ನಿಮಗೆ?" ಮೇಡಂ ಸೀಮೆಸುಣ್ಣ ತೆಗೆದು ಮೆಟ್ಟಿಲ ಮೇಲೆಯೇ ಪಾಠ ಶುರುಮಾಡಿದರು. "ಹಿಂದೆ ಸ್ಪೇನಿನ ಕಡೆ ಝಡ್ ಅಕ್ಷರಕ್ಕೆ ಮೇಲೆ ದೊಡ್ಡ ಕೊಂಡಿ ಹಾಕಿ ಬರೀತಿದ್ರು. ಕೊಂಡಿ ಬೆಳೆದು ಬೆಳೆದು ಸಿ ಆಯ್ತು, ಪಾಪ ಝಡ್ ಕುಗ್ಗಿ ಕೆಳಗಡೆ ಬಾಲ ಆಯ್ತು. ಹೆತ್ತವರೇ ಆಮೇಲೆ ಕೈಬಿಟ್ರು. ಫ್ರೆಂಚರು, ಪೋರ್ಚುಗೀಸರು ಸಾಕ್ಕೊಂಡ್ರು. ತುರ್ಕಿಯವರು ಕರೆದು ಚ ಅನ್ನೋ ಉಚ್ಚಾರ ಕೊಟ್ರು. ಫ್ರೆಂಚಲ್ಲಿ ಬಾಲ ಇದ್ರೆ ಸ, ಕಿತ್ತುಹಾಕಿದ್ರೆ ಎಷ್ಟೋ ಕಡೆ ಕ! ನಲವತ್ತು ವರ್ಷ ಮಕ್ಕಳು ಈ ಬಾಲ ಮರೀತಾನೇ ಇದ್ರು, ನಾನು ಕೆಂಪು ಶಾಯಿ ಸುರೀತಾನೇ ಇದ್ದೆ. ಅದಕ್ಕೇ ಬಾಗಿಲಿಗೇ ಹಾಕಿಸ್ತಿದ್ದೀನಿ."

ಮೇಡಂ ಒಳಗೆ ಹೋದರು. ಮೆಟ್ಟಿಲ ಮೇಲೆ ಬಾಲದ ಚಿತ್ರ ಉಳಿಯಿತು. ಅದನ್ನು ನೋಡುತ್ತಲೇ ಅರದಣ್ಣನ ಕಣ್ಣು ದರ್ಜಿಯ ಅಂಗಡಿಯೊಳಕ್ಕೆ ಹೋಯಿತು. ಬಟ್ಟೆ ಹಾಕಿ ನೋಡುವ ಗೂಡಿನ ಬಾಗಿಲಿಗೆ ಹಿತ್ತಾಳೆಯ ಹಿಡಿ ಇತ್ತು. ಎರಡು ತೂತಿನ, ಬಾಗಿದ ಹಿಡಿ.

"ಅಯ್ಯೋ, ಅದಕ್ಕೆ ಅಳತೆ ಟೇಪು ಸಿಕ್ಕಿಸಿ ಬಾಗಿಲು ಮುಚ್ಚೋದು ಕಣಣ್ಣಾ! ಒಳಗೆ ಗಿರಾಕಿ ಬೇರೆ ಇದ್ದಾನೆ!" ಎಂದ ದರ್ಜಿ.

"ನಾನು ಒರಗಿಕೊಂಡು ನಿಲ್ತೀನಿ ಬಿಡು," ಎಂದು ಕ್ಷೌರಿಕ ಬಾಗಿಲಿಗೆ ಬೆನ್ನು ಕೊಟ್ಟ.

ಒಳಗಿದ್ದವನ ಹಳೆಯ ಪ್ಯಾಂಟು ಅಳತೆಗೆಂದು, ಹೊಸದು ಉದ್ದ ಕಡಿಮೆ ಮಾಡಲೆಂದು, ಎರಡೂ ದರ್ಜಿಯ ಹೆಗಲ ಮೇಲಿದ್ದವು. "ನನ್ನ ಪ್ಯಾಂಟು ಕೊಡ್ರೋ!" ಎಂಬ ಕೂಗನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದರ್ಜಿಗೆ ಬಾಲದ ತಮಾಷೆ ಬಿಟ್ಟು ಕದಲಲು ಮನಸ್ಸಿರಲಿಲ್ಲ.

ಅರದಣ್ಣ ಹಿಡಿಯನ್ನು ಬಿಚ್ಚಿ ತಂದು ಮೆಟ್ಟಿಲ ಮೇಲೆ ಕಾಲಡಿ ಒತ್ತಿಕೊಂಡು, ಜೊತೆಗೇ ತಂದಿದ್ದ ಅರದಿಂದ ಸೀಮೆಸುಣ್ಣದ ಗೆರೆ ನೋಡುತ್ತ ಕೊಯ್ದ, ಉಜ್ಜಿದ, ಮತ್ತೆ ಉಜ್ಜಿದ. ಒಂಬತ್ತು ವರ್ಷದ ಕೈ ಅದು, ತಪ್ಪಲಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ಬಾಲ ಮೇಲೇರಿ ಸಿ ಅಕ್ಷರದ ಕೆಳಗೆ, ಅಲ್ಲೇ ಹುಟ್ಟಿದ್ದೇನೋ ಎಂಬಂತೆ ಕೂತಿತು. ಅರದಣ್ಣ ಸೊಂಟದ ಮೇಲೆ ಕೈಯಿಟ್ಟು ಗೆದ್ದೆ ಎಂದುಕೊಂಡ.

ಮಾಲೀಕರು ಬಂದರು. ಮೇಡಂಗೆ ನಮಸ್ಕರಿಸಿ, ಅಂಗಿಯ ಜೇಬಿನಿಂದ ರೇಷ್ಮೆ ಬಟ್ಟೆಯ ಪುಟ್ಟ ಗಂಟು ತೆಗೆದರು.

"ನಮ್ಮ ಕಾರ್ಖಾನೆ ಪದ್ಧತಿ ಮೇಡಂ. ಪ್ರತಿ ಬೋರ್ಡಿನ ಕೊನೇ ತುಂಡು ಗಿರಾಕಿ ಕೈಯಿಂದಲೇ ಕೂರಬೇಕು. ಫಿಟ್ಟರ್‌ಗಳಿಗೆಲ್ಲ ಗೊತ್ತು," ಎನ್ನುತ್ತ ಗಂಟು ಬಿಚ್ಚಿದರು. ಒಳಗೆ ಫಳಫಳನೆ ಬಾಲ.

ಎಲ್ಲರೂ ಮೇಲೆ ನೋಡಿದರು. ಅಲ್ಲೂ ಬಾಲ. ಹಿಂದಿನ ಕೋಣೆಯಲ್ಲಿ ಕೂತವನಿಗೆ ಹೊರಗಿನ ಪದ್ಧತಿ ಯಾರು ಹೇಳಿದ್ದರು? ಅರದಣ್ಣ ಇಂಗು ತಿಂದ ಮಂಗನಂತಾದ.

ಮಾಲೀಕರು ಏಣಿ ಹತ್ತಿ ಬಾಲದ ಅಂಚು ಸವರಿದರು. "ಯಾರು ಮಾಡಿದ್ದು ಇದನ್ನ?"

"ನಾನೇ ಯಜಮಾನ್ರೇ. ತಪ್ಪಾಯ್ತು."

"ಅಚ್ಚಿಲ್ಲದೆ? ಬೀದೀಲಿ ಕೂತು?" ಮಾಲೀಕರು ಕೆಳಗಿಳಿದು ಅವನನ್ನು ಬಿಗಿಯಾಗಿ ತಬ್ಬಿಕೊಂಡರು. "ನನ್ನದಕ್ಕಿಂತ ಚೆನ್ನಾಗಿದೆಯಲ್ಲೋ! ಇಂಥ ಕೈಯನ್ನ ಏಣಿ ಹತ್ತಿಸಿ ಹಾಳು ಮಾಡೋದಾ? ಜಾರಿ ಬಿದ್ರೆ ನನ್ನ ಗತಿಯೇನು? ನಾಳೆಯಿಂದ ಆ ಕೋಣೆ ಬಿಟ್ಟು ನೀನು ಆಚೆ ಕಾಲಿಡಕೂಡದು!"

ಮೇಡಂ ಚಪ್ಪಾಳೆ ತಟ್ಟಿದರು. ದರ್ಜಿ ಮಾತ್ರ ಮಾಲೀಕರ ಅಂಗೈಯಲ್ಲಿದ್ದ ಬಾಲವನ್ನು ಎತ್ತಿಕೊಂಡು ಅರದಣ್ಣನ ಕೈಗಿಟ್ಟ. "ನನ್ನ ಬಾಗಿಲಿಗೆ ಇದನ್ನಾದ್ರೂ ಹಾಕಿಕೊಡಣ್ಣಾ. ತೂತೂ ಎರಡೇ ಇದೆ."

ಅರದಣ್ಣ ತನ್ನ ಫಿಟ್ಟರ್ ಬದುಕಿನ ಎರಡನೆಯ ಮತ್ತು ಕೊನೆಯ ಕೆಲಸವನ್ನು ಏಣಿಯಿಲ್ಲದೆಯೇ ಮುಗಿಸಿದ. ಕ್ಷೌರಿಕನ ಬೆನ್ನಿಗೆ ಬಿಡುಗಡೆಯಾಯಿತು. ಪ್ಯಾಂಟು ಒಳಗೆ ಹೋಯಿತು, ಗಿರಾಕಿ ಹೊರಗೆ ಬಂದ.

"ಅಬ್ಬಬ್ಬಾ!" ಎಂದು ಅವನು ಬೆವರು ಒರೆಸಿಕೊಂಡ. "ಗಾಳಿಯಿಲ್ಲ, ಬೆಳಕಿಲ್ಲ. ಒಂದು ಗಂಟೆಗೇ ಪ್ರಾಣ ಹೋದಂಗಾಯ್ತು. ಇಂಥ ಗೂಡಲ್ಲಿ ಮನುಷ್ಯರು ಇರ್ತಾರೇನ್ರೀ?"

ಅರದಣ್ಣ ಅರವನ್ನು ಟವೆಲ್‌ನಲ್ಲಿ ಸುತ್ತಿಕೊಂಡು, ಏಣಿಯನ್ನು ಮಾಲೀಕರ ಹೆಗಲಿಗೆ ಒಪ್ಪಿಸಿ, ಕಾರ್ಖಾನೆಯ ಕಡೆ ನಡೆದ.